ಬಳಸಿದ ವೇಗದ ಕಾರಿನ ಪರೀಕ್ಷೆ

(ಶಾಲೆಯ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಶಾಲೆಯೊಂದರ ವಾರ್ಷಿಕೋತ್ಸವದಲ್ಲಿ ಮೋಟಾರು ಕಾರಿನ ವಿಚಾರವಾಗಿ ಮಾತನಾಡಬೇಕೆಂದು ನಿಮ್ಮ ಕಾರ್ಯದರ್ಶಿಗಳು ಬರೆದಾಗ ನಾವು ವಿಸ್ಮಯಪಟ್ಟೆವು. ಇಂಥ ವೇದಿಕೆಯ ಮೇಲೆ ನಾಡುನುಡಿಗಳ ವಿಚಾರವೋ ವಿದ್ಯೆಯ ಮಹಿಮೆಯೋ ಪ್ರಸ್ತಾಪಕ್ಕೆ ಬರುವುದು ವಾಡಿಕೆ. ಆದರೆ ಅವರು ಕೊಟ್ಟ ಕಾರಣವನ್ನು ಓದಿದ ಮೇಲೆ ಇಲ್ಲವೆನ್ನಲಾಗಲಿಲ್ಲ. ಈ ಶಾಲೆಯಲ್ಲಿ ಓದಿ ಈಗ ಸಂಪಾದನೆಗೆ ನಿಂತಿರುವ ತರುಣರಲ್ಲಿ ಕೆಲವರು ತಮ್ಮ ಮೊದಲ ಉಳಿತಾಯವನ್ನು ಬಳಸಿದ ವೇಗದ ಕಾರುಗಳಿಗೆ ಸುರಿದು, ವರ್ಷ ತುಂಬುವುದರೊಳಗೆ ಗಾಡಿಯನ್ನು ಮೂಲೆಗೆ ನಿಲ್ಲಿಸಿ, ಸಾಲದ ಕಂತನ್ನು ಮಾತ್ರ ಕಟ್ಟುತ್ತಿದ್ದಾರಂತೆ. ಇದು ನಮ್ಮ ಊರಿನ ಕಥೆಯೂ ಹೌದು.

ನಮ್ಮ ಊರು ಗೂಡಲೂರು. ಹಾಗೆಂದೊಡನೆ ತಾವು ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ದಾರಿಯನ್ನು ನೆನೆಯುತ್ತೀರಿ, ಅದಲ್ಲ. ನಮ್ಮದು ತಮಿಳುನಾಡಿನ ತೇನಿ ಜಿಲ್ಲೆಯ, ಕಂಬಂ ಕಣಿವೆಯ ಮೇಲ್ತುದಿಯ ಗೂಡಲೂರು. ಅಲ್ಲಿಂದ ಮುಂದೆ ಲೋಯರ್ ಕ್ಯಾಂಪು, ಅದನ್ನು ದಾಟಿದರೆ ಘಟ್ಟ, ಘಟ್ಟದ ನೆತ್ತಿಯಲ್ಲಿ ಕೇರಳದ ಕುಮಿಳಿ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ನಮ್ಮ ಭತ್ತವನ್ನೂ ಪನ್ನೀರು ದ್ರಾಕ್ಷಿಯನ್ನೂ ಬೆಳೆಸುತ್ತದೆ. ಕಪ್ಪಿಲಿಯರೆಂದೂ ಅನುಪ್ಪರೆಂದೂ ಕರೆಯಿಸಿಕೊಳ್ಳುವ ಕನ್ನಡದ ಮನೆಗಳು ಆ ಕಣಿವೆಯಲ್ಲಿ ತಲೆಮಾರುಗಳಿಂದ ಇವೆ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ತಮಿಳು. ನಮಗೆ ಕನ್ನಡದ ಅಕ್ಷರ ಒಲಿದುದು ಬೆಂಗಳೂರಿನ ಮೋಟಾರು ದುರಸ್ತಿ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ದುಡಿದಾಗ, ಅಂಗಡಿಗಳ ಹಲಗೆಗಳನ್ನು ಓದಿ ಓದಿ. ಆದುದರಿಂದ ನಮ್ಮ ಮಾತಿನಲ್ಲಿ ವ್ಯಾಕರಣದೋಷ ಕಂಡರೆ ಅಧ್ಯಾಪಕರು ಕ್ಷಮಿಸಬೇಕು. ಎಂಜಿನಿನ ದೋಷ ಕಂಡರೆ ಕ್ಷಮಿಸಬೇಕಾಗಿಲ್ಲ.

ನಮ್ಮ ಕಡೆ ಎತ್ತಿನ ಬಂಡಿಯ ಪಂದ್ಯ ನಡೆಯುತ್ತದೆ. ಉಳುವ ಎತ್ತನ್ನು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟಿ ನೋಡುತ್ತಾನೆ, ಬೆಲೆ ಮುಗಿಸುತ್ತಾನೆ. ಪಂದ್ಯದ ಎತ್ತನ್ನು ಕೊಳ್ಳುವವನು ಇವೆಲ್ಲವನ್ನೂ ನೋಡಿ ಇನ್ನೊಂದು ಪ್ರಶ್ನೆ ಕೇಳುತ್ತಾನೆ: ಇದು ಯಾರ ಕೊಟ್ಟಿಗೆಯಲ್ಲಿತ್ತು? ಓಟ ಮುಗಿದ ಮೇಲೆ ಅವರು ಇದನ್ನು ನಡೆಸಿ ತಣಿಸಿದರೋ, ಹಾಗೆಯೇ ಗೂಟಕ್ಕೆ ಕಟ್ಟಿದರೋ? ನಾವು ಈ ದಿನ ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಯ ವಿಸ್ತಾರವೆಂದು ಭಾವಿಸಬೇಕು.

ಹಳೆಯ ಅಂಬಾಸಡರ್ ಕಾರಿನ ಒಂದೂವರೆ ಲೀಟರಿನ ಪೆಟ್ರೋಲು ಎಂಜಿನು ಕೊಡುತ್ತಿದ್ದುದು ಸುಮಾರು 50 ಅಶ್ವಶಕ್ತಿ. 2013ರಲ್ಲಿ ಬಂದ ಪೋಲೊ ಜಿಟಿ ಕಾರಿನ 1.2 ಲೀಟರಿನ ಟರ್ಬೊ ಎಂಜಿನಿಗೆ 105. 2015ರ ಅಬಾರ್ತ್ ಪುಂಟೊ ಕಾರಿನ 1.4 ಲೀಟರಿಗೆ 145. ಅದಕ್ಕೂ ಹಿಂದೆ, 2004ರಲ್ಲಿಯೇ, ಸ್ಕೋಡಾ ಆಕ್ಟೇವಿಯಾದ ಆರ್‌ಎಸ್ ಮಾದರಿ 150 ಅಶ್ವಶಕ್ತಿಯೊಡನೆ ನಮ್ಮ ದೇಶಕ್ಕೆ ಬಂದಿತ್ತು. ಚಿಕ್ಕ ಪಾತ್ರೆಯಲ್ಲಿ ದೊಡ್ಡ ಉರಿ ಎಂದರೆ ಇದೇ. ಹೊಗೆಯ ಒತ್ತಡದಿಂದ ತಿರುಗುವ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಅದರ ಅಚ್ಚನ್ನು ಕಾಯುವುದು ಎಣ್ಣೆಯ ತೆಳುವಾದ ಪದರ ಮಾತ್ರ. ಕಾಲಕಾಲಕ್ಕೆ ಎಣ್ಣೆ ಬದಲಿಸಿ, ತಣ್ಣಗಿರುವಾಗ ಹದವಾಗಿ ನಡೆಸಿ, ಕಾದಿರುವಾಗ ಒಂದು ಗಳಿಗೆ ಬಿಟ್ಟು ನಿಲ್ಲಿಸಿದರೆ ಇಂಥ ಎಂಜಿನು ಬಹುಕಾಲ ಬಾಳುತ್ತದೆ. ಇಲ್ಲವಾದರೆ ಮೀಟರಿನಲ್ಲಿ 30,000 ಕಿಲೋಮೀಟರು ತೋರುತ್ತಿರುವಾಗಲೇ ನೀಲಿ ಹೊಗೆ ಬಿಡುತ್ತದೆ. ಆದುದರಿಂದ ‘ಈ ಕಂಪನಿಯ ಕಾರು ನಂಬಬಹುದೇ?’ ಎಂಬ ಪ್ರಶ್ನೆಗೆ ನಾವು ಅರ್ಧ ಉತ್ತರವನ್ನಷ್ಟೇ ಕೊಡಬಲ್ಲೆವು.

ಆ ಅರ್ಧವನ್ನೂ ಅಲಕ್ಷಿಸಬಾರದು. 2013ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಏಳು ಗೇರಿನ ಸ್ವಯಂಚಾಲಿತ ಗೇರುಪೆಟ್ಟಿಗೆಯ ಎಣ್ಣೆಯನ್ನು ಬದಲಿಸುವುದಕ್ಕಾಗಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಿತು. ಸೆಕೆ ಹೆಚ್ಚಾದ ನಾಡುಗಳಲ್ಲಿ ಮೊದಲಿನ ಎಣ್ಣೆಯಿಂದ ಒಳಗಿನ ವಿದ್ಯುತ್ ಭಾಗಕ್ಕೆ ತೊಂದರೆಯಾಗಬಹುದೆಂಬುದು ಕಾರಣ. ಅಂಥ ಗಾಡಿಯನ್ನು ಕೊಳ್ಳುವವನು ಆ ಕೆಲಸ ಆಗಿದೆಯೆಂಬುದಕ್ಕೆ ಕಾಗದ ಕೇಳುವುದು ನ್ಯಾಯ. ಬಿಡಿಭಾಗಗಳ ಮಾತೂ ಹೀಗೆಯೇ. ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಫಿಯಟ್ ಕಾರುಗಳು ಅದಕ್ಕೂ ಮೊದಲೇ ನಮ್ಮ ಅಂಗಡಿಗಳಿಂದ ಮರೆಯಾದವು. ಗಾಡಿ ಎಷ್ಟೇ ಚೆನ್ನಾಗಿರಲಿ, ಒಂದು ಸಣ್ಣ ರಬ್ಬರು ಕೊಳವೆಗಾಗಿ ಮೂರು ವಾರ ಕಾಯಬೇಕಾದರೆ ಅದು ನಂಬಿಕೆಯ ಗಾಡಿಯಲ್ಲ. ಕಂಬಂ, ಗೂಡಲೂರುಗಳಿಗೆ ರೈಲಿಲ್ಲ. ತೇನಿಗೆ 40 ಕಿಲೋಮೀಟರಿಗೂ ಹೆಚ್ಚು, ಮದುರೆಗೆ 100ಕ್ಕೂ ಹೆಚ್ಚು. ನಮ್ಮಂಥವರಿಗೆ ರಸ್ತೆಯೇ ಗತಿ.

ಈಗ ನಮ್ಮ ಮನೆಯ ಪ್ರಸಂಗಕ್ಕೆ ಬರೋಣ. ನಮ್ಮ ತಂಗಿಯ ಮಗ ದ್ರಾಕ್ಷಿ ಬೆಳೆಗಾರ, ಮೂವತ್ತರ ಹರೆಯ. ಒಂದು ವರ್ಷ ಬೆಳೆಯೂ ಬೆಲೆಯೂ ಕೂಡಿಬಂದುವು. ಹುಡುಗನಿಗೆ ಟರ್ಬೊ ಕಾರಿನ ಮೋಹ ಹತ್ತಿತು. ಮೋಹವನ್ನು ನಾವು ಹಳಿಯುವುದಿಲ್ಲ. ಆ ವಯಸ್ಸಿನಲ್ಲಿ ನಮಗೂ ಇತ್ತು, ಹಣವಿರಲಿಲ್ಲ. ಆದರೆ ಆ ಮನೆಯಲ್ಲಿ ಗಾಡಿಗೆ ಬೇರೊಂದು ಕೆಲಸವೂ ಇತ್ತು. ಭಾವನವರಿಗೆ ಹೃದಯದ ಕಾಯಿಲೆ. ರಾತ್ರಿ ಎದೆನೋವು ಬಂದರೆ ಆಂಡಿಪಟ್ಟಿ ಕಣಿವೆ ದಾಟಿ ಮದುರೆಗೆ ಒಯ್ಯಬೇಕು. ಎರಡು ಸಲ ಹಾಗೆ ಒಯ್ದದ್ದೂ ಉಂಟು. ಹಣ ಸಾಲದೆ ತಂಗಿ ತನ್ನ ಬಳೆಗಳನ್ನು ಅಡವಿಡಲು ತೆಗೆದುಕೊಟ್ಟಳು. “ಅಣ್ಣ, ಬಳೆ ಹೋದರೆ ಹೋಗಲಿ, ನಡುದಾರೀಲಿ ನಿಲ್ಲದ ಗಾಡಿ ಆಗಲಿ” ಎಂದಷ್ಟೇ ಹೇಳಿದಳು. ಆ ಮಾತು ನಮ್ಮ ಹೆಗಲ ಮೇಲೆ ಬಂದು ಕುಳಿತಿತು.

ಮೊದಲ ಗಾಡಿಯನ್ನು ದಲ್ಲಾಳಿಯೊಬ್ಬ ಘಟ್ಟದ ಆಚೆಯಿಂದ ತಂದು ಕಂಬಂನಲ್ಲಿ ನಿಲ್ಲಿಸಿದ್ದ. ಗಾಡಿಯ ಹೆಸರು ಹೇಳುವುದು ಉಚಿತವಲ್ಲ. ತಪ್ಪು ಅದನ್ನು ಮಾಡಿದವರದಲ್ಲ. ಕೆಂಪು ಬಣ್ಣ, ಅಗಲವಾದ ಟೈರು, ಮೀಟರಿನಲ್ಲಿ 38,000 ಕಿಲೋಮೀಟರು. “ಮಾವ, ಹೊಸದರಂಗೆ ಹೊಳೀತಾದೆ, ಇನ್ನೇನು ನೋಡ್ತೀರಿ?” ಎಂದ ಅಳಿಯ. ನಾವು ಬಾನೆಟ್ಟಿನ ಮೇಲೆ ಕೈಯಿಟ್ಟೆವು, ಬೆಚ್ಚಗಿತ್ತು. ನಾವು ಬರುವ ಮುನ್ನವೇ ಎಂಜಿನನ್ನು ಕಾಯಿಸಿಟ್ಟಿದ್ದರು. ಕಾಯಿಲೆಯ ಎಂಜಿನು ತನ್ನ ಗುಟ್ಟನ್ನು ಹೇಳುವುದು ರಾತ್ರಿಯೆಲ್ಲ ತಣ್ಣಗಿದ್ದು ಬೆಳಗ್ಗೆ ಮೊದಲ ಸಲ ಏಳುವಾಗ: ಸರಪಳಿಯ ಗಲಗಲ, ನೀಲಿ ಹೊಗೆಯ ಒಂದು ಉಸಿರು, ಏರಿಳಿಯುವ ಮುಳ್ಳು. ಕಾಯಿಸಿದ ಮೇಲೆ ಎಲ್ಲವೂ ಸಜ್ಜನಿಕೆಯಿಂದ ವರ್ತಿಸುತ್ತವೆ. ಮರುದಿನ ಬೆಳಗ್ಗೆ ಬರುತ್ತೇವೆ, ಮುಟ್ಟಬೇಡಿ ಎಂದೆವು. ದಲ್ಲಾಳಿಯ ಮುಖ ಬಾಡಿತು.

ಮರುದಿನ ಕುಮಿಳಿ ಘಟ್ಟವನ್ನು ಹತ್ತಿಸಿದೆವು. ತಿರುವು ತಿರುವಿಗೂ ಏಲಕ್ಕಿ ತೋಟಕ್ಕೆ ಆಳುಗಳನ್ನೊಯ್ಯುವ ಜೀಪುಗಳು. ಅಲ್ಲಿ ಗಾಡಿಯ ಎಳೆತವೂ ಬ್ರೇಕೂ ಉಷ್ಣಮಾಪಕವೂ ಒಟ್ಟಿಗೇ ಪರೀಕ್ಷೆಗೆ ಒಳಗಾಗುತ್ತವೆ. ಏರಿತು, ಚೆನ್ನಾಗಿಯೇ ಏರಿತು. ನೆತ್ತಿ ಮುಟ್ಟಿದೊಡನೆ ದಲ್ಲಾಳಿಯ ಕಡೆಯ ಹುಡುಗ ಟಕ್ಕನೆ ಕೀಲಿ ತಿರುಗಿಸಿ ಎಂಜಿನು ನಿಲ್ಲಿಸಿದ. ಕೆಂಡದಂತೆ ಕಾದ ಟರ್ಬೊದೊಳಗೆ ಎಣ್ಣೆಯ ಹರಿವು ನಿಂತು, ಉಳಿದ ಎಣ್ಣೆ ಸೀದು ಮಸಿಯಾಗುತ್ತದೆ. ಒಂದು ದಿನಕ್ಕಾದರೆ ಚಿಂತೆಯಿಲ್ಲ, ನಿತ್ಯದ ಅಭ್ಯಾಸವಾದರೆ ಆಯುಸ್ಸಿಗೆ ಕುತ್ತು. ಮೊದಲ ಯಜಮಾನ ಹೇಗಿದ್ದನೋ ಕಾಣೆವು. ಈಗಿನವರ ಕೈಯನ್ನಂತೂ ಕಂಡೆವು.

ಅನುಮಾನ ಹುಟ್ಟಿದ ಮೇಲೆ ಕಣ್ಣು ಚುರುಕಾಗುತ್ತದೆ. ಸೀಟಿನ ಬೆಲ್ಟನ್ನು ಪೂರ್ತಿಯಾಗಿ ಹೊರಕ್ಕೆಳೆದೆವು. ಸುರುಳಿಯ ಕೊನೆಯ ಭಾಗದಲ್ಲಿ ಒಣಗಿದ ಕೆಸರಿನ ಗೆರೆ. ಹಿಂಬದಿಯ ಹೆಚ್ಚುವರಿ ಚಕ್ರವನ್ನು ಎತ್ತಿದರೆ ಗುಳಿಯಲ್ಲಿ ತುಕ್ಕು. ಡ್ಯಾಷ್‌ಬೋರ್ಡಿನ ಕೆಳಗೆ ತಂತಿಗಳು ಕೂಡುವ ಕಡೆ ಹಸಿರು ಕಿಲುಬು. 2018ರ ಆಗಸ್ಟಿನ ಕೇರಳದ ಪ್ರವಾಹ, 2015ರ ಮತ್ತು 2023ರ ಡಿಸೆಂಬರಿನ ಚೆನ್ನೈ ನೆರೆ, ಇವುಗಳಲ್ಲಿ ಅಸಂಖ್ಯ ಕಾರುಗಳು ಮುಳುಗಿದವು. ವಿಮಾ ಕಂಪನಿಗಳು ಪೂರ್ಣ ನಷ್ಟವೆಂದು ಹರಾಜು ಹಾಕಿದ ಗಾಡಿ ತೊಳೆಸಿಕೊಂಡು ಬೇರೆ ಊರಿಗೆ ಬರುವುದು ಹೊಸತೇನಲ್ಲ. ನೀರು ಹೊಕ್ಕ ತಂತಿ ಇಂದು ಕೈಕೊಡುವುದಿಲ್ಲ; ಎಂದು ಕೈಕೊಡುವುದೆಂದು ಹೇಳುವವರೂ ಇಲ್ಲ. ನಡುರಾತ್ರಿಯಲ್ಲಿ, ಆಂಡಿಪಟ್ಟಿ ಕಣಿವೆಯಲ್ಲಿ, ಹಿಂಬದಿಯ ಸೀಟಿನಲ್ಲಿ ಭಾವನವರು ಎದೆ ಹಿಡಿದುಕೊಂಡಿರುವ ಚಿತ್ರ ನಮ್ಮ ಕಣ್ಣಿಗೆ ಕಟ್ಟಿತು. ಬೇಡವೆಂದೆವು. ಅಳಿಯ ಮೂರು ದಿನ ನಮ್ಮೊಡನೆ ಮಾತು ಬಿಟ್ಟ.

ಎರಡನೆಯ ಗಾಡಿ ಬೆಂಗಳೂರಿನಲ್ಲಿ ಸಿಕ್ಕಿತು. ಮೀಟರಿನಲ್ಲಿ 92,000. ಹುಡುಗನ ಉತ್ಸಾಹ ಆ ಅಂಕಿಯನ್ನು ಕೇಳಿಯೇ ಅರ್ಧ ಇಳಿಯಿತು. ಆದರೆ ಅದರ ಯಜಮಾನ ಒಂದು ದಪ್ಪ ಕಡತವನ್ನು ತಂದು ನಮ್ಮ ಮುಂದಿಟ್ಟ. ಪ್ರತಿಯೊಂದು ಎಣ್ಣೆ ಬದಲಾವಣೆಯ ಬಿಲ್ಲು, ತಾರೀಖು, ಆಗಿನ ಕಿಲೋಮೀಟರು. ಬಿಲ್ಲಿನ ಅಂಕಿಗಳು ಏರುತ್ತಾ ಬಂದು ಮೀಟರಿಗೆ ಸರಿಹೊಂದಿದುವು. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕಕ್ಕೂ ಒಂದೇ ಕಾಲ. ಕಿಟಕಿಯ ಗಾಜುಗಳ ಗುರುತುಗಳೂ ಗಾಡಿಯ ವರ್ಷಕ್ಕೆ ಹೊಂದಿದುವು. ಸ್ಟಿಯರಿಂಗಿನ ಚರ್ಮ, ಪೆಡಲಿನ ರಬ್ಬರು ತಕ್ಕಷ್ಟು ಸವೆದಿದ್ದುವು. ಮೀಟರನ್ನು ಹಿಂದಕ್ಕೆ ತಿರುಗಿಸುವವರು ಪೆಡಲಿನ ರಬ್ಬರನ್ನು ಮರೆಯುವುದುಂಟು.

ನಮ್ಮಲ್ಲಿದ್ದ ಸಣ್ಣ ಪರೀಕ್ಷಾಯಂತ್ರವನ್ನು ಗಾಡಿಗೆ ಚುಚ್ಚಿ ನೋಡಿದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ದೋಷದ ಸಂಕೇತ ಒಂದೂ ಇಲ್ಲವೆಂದು ಯಂತ್ರ ತೋರಿದರೆ ಹಿಗ್ಗಬಾರದು. ನಿಮಗಾಗಿ ಹಿಂದಿನ ರಾತ್ರಿಯೇ ಅಳಿಸಿರಬಹುದು. ಅಳಿಸಿದಾಗ ಗಾಡಿ ತಾನೇ ನಡೆಸಿಕೊಳ್ಳುವ ಪರೀಕ್ಷೆಗಳ ಗುರುತುಗಳೂ ಅಳಿದು ‘ಅಪೂರ್ಣ’ವೆಂದು ತೋರುತ್ತವೆ, ಅವು ಪೂರ್ಣವಾಗಲು ಕೆಲವು ದಿನಗಳ ಓಡಾಟ ಬೇಕು. ಹಲಗೆ ಒರೆಸಿದ ಹುಡುಗನ ಕೈಯಲ್ಲಿ ಸೀಮೆಸುಣ್ಣ ಉಳಿದಂತೆ. ಈ ಗಾಡಿಯಲ್ಲಿ ಎಲ್ಲವೂ ಪೂರ್ಣವಾಗಿದ್ದುವು, ದೋಷವೂ ಇರಲಿಲ್ಲ.

ಶಕ್ತಿಯನ್ನು ಹೆಚ್ಚಿಸುವ ಕೈಚಳಕ ನಡೆದಿದೆಯೇ ಎಂದೂ ಕೇಳಿದೆವು. ಎಂಜಿನಿನ ಗಣಕಕ್ಕೆ ಹೊಸ ಲೆಕ್ಕ ತುಂಬಿ ಅಶ್ವಶಕ್ತಿ ಏರಿಸುವುದು ಈಗ ಸುಲಭ. ಮಾರುವ ಮುನ್ನ ಹಳೆಯ ಲೆಕ್ಕಕ್ಕೆ ಮರಳಿಸುವುದೂ ಸುಲಭ. ಆದರೆ ಕ್ಲಚ್ಚು, ಗೇರುಪೆಟ್ಟಿಗೆ, ಪಿಸ್ಟನ್ನುಗಳು ಅನುಭವಿಸಿದ್ದನ್ನು ಮರಳಿಸಲಾಗದು. ಕಾನೂನೂ ಇದಕ್ಕೆ ವಿರೋಧ: ತಯಾರಕರ ನಮೂನೆಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಆ ಯಜಮಾನ ನಕ್ಕು, “ಆಸೆಯಿತ್ತು, ಹೆಂಡತಿ ಬಿಡಲಿಲ್ಲ” ಎಂದ. ಇಂಥ ಉತ್ತರವನ್ನು ಸುಳ್ಳುಗಾರರು ಸಾಮಾನ್ಯವಾಗಿ ಕಟ್ಟುವುದಿಲ್ಲ.

ಆತನೇ ನಮ್ಮನ್ನು ನಂದಿಬೆಟ್ಟಕ್ಕೆ ಕರೆದೊಯ್ದ. ಮೇಲೆ ತಲುಪಿ ಗಾಡಿ ನಿಲ್ಲಿಸಿದ ಮೇಲೂ ಎಂಜಿನನ್ನು ಆರಿಸದೆ, ಬೆಟ್ಟದ ಗಾಳಿಯ ವಿಚಾರ ಮಾತನಾಡುತ್ತಾ ಒಂದು ನಿಮಿಷ ಹಾಗೆಯೇ ಬಿಟ್ಟು, ಆಮೇಲೆ ಕೀಲಿ ತಿರುಗಿಸಿದ. ನಾವು ಹೇಳಿರಲಿಲ್ಲ. ತಾನು ಹಾಗೆ ಮಾಡುತ್ತಿರುವುದು ಅವನಿಗೇ ತಿಳಿದಿರಲಿಲ್ಲವೆಂದು ನಮ್ಮ ನಂಬಿಕೆ. ಅಳಿಯನ ತೊಡೆಯನ್ನು ಮೆಲ್ಲನೆ ಚಿವುಟಿದೆವು. ವ್ಯಾಪಾರ ಅಲ್ಲಿಯೇ ಮುಗಿಯಿತು.

ಕಾಗದಪತ್ರದ ವಿಚಾರ ನೀರಸವಾದರೂ ಬಿಡುವಂತಿಲ್ಲ. ಬೇರೆ ರಾಜ್ಯದ ಗಾಡಿಯಾದುದರಿಂದ ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ದಾಖಲೆ, ನಮ್ಮ ರಾಜ್ಯದ ತೆರಿಗೆ ಇವೆಲ್ಲ ಬೇಕಾದುವು. ಕೊಂಡವನು 30 ದಿನಗಳೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಮಾರುವವರೂ ಎಚ್ಚರದಿಂದಿರಬೇಕು: ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಯಜಮಾನನೇ ಹೊಣೆಯೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ.

ಬೆಲೆಯ ಐದನೆಯ ಒಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆಂದು ಬೇರೆ ಇಡಿಸಿದೆವು. ಕೈಯಲ್ಲಿ ಆರು ಲಕ್ಷವಿದ್ದವನು ಐದು ಲಕ್ಷದ ವೇಗದ ಕಾರನ್ನು ಕೊಳ್ಳಬಹುದು, ಆರು ಲಕ್ಷದ್ದನ್ನಲ್ಲ. ಇದು ನಮ್ಮ ಹಟ; ಒಪ್ಪದವರು ಇದ್ದಾರೆ. ಹುಡುಗನೂ ಗೊಣಗಿದ. ಏಳನೆಯ ತಿಂಗಳಲ್ಲಿ ಮದುರೆಯಲ್ಲಿ ಕ್ಲಚ್ಚು ಬದಲಿಸಬೇಕಾಯಿತು, ಆಮೇಲೆ ಮುಂದಿನ ಚಕ್ರಗಳ ಬುಷ್ಷುಗಳು. ಹಣ ಆ ಗಂಟಿನಿಂದಲೇ ಹೋಯಿತು, ಬಳೆಗಳು ಅಡವಿಗೆ ಹೋಗಲಿಲ್ಲ.

ಭಾವನವರನ್ನು ಆಮೇಲೆ ಒಂದೇ ಸಲ ರಾತ್ರಿ ಮದುರೆಗೆ ಒಯ್ಯಬೇಕಾಯಿತು. ಹಿಂದಿನ ಸೀಟಿನಲ್ಲಿ ಅವರ ತಲೆ ತಂಗಿಯ ಮಡಿಲಿನಲ್ಲಿತ್ತು. ಹುಡುಗ ಅಂದು ವೇಗವಾಗಿ ಓಡಿಸಲಿಲ್ಲವೆಂದು ತಂಗಿ ಹೇಳಿದಳು. ಅವರು ಈಗ ಚೆನ್ನಾಗಿದ್ದಾರೆ, ದ್ರಾಕ್ಷಿ ಚಪ್ಪರದ ಕೆಳಗೆ ಆಳುಗಳ ಮೇಲೆ ಕೂಗಾಡುವಷ್ಟು.

ನಾವು ಇಲ್ಲಿಗೆ ಬಂದದ್ದೂ ಅದೇ ಗಾಡಿಯಲ್ಲಿ. ಶಾಲೆಯ ಅಂಗಳದ ಹುಣಸೆಮರದ ಕೆಳಗೆ ನಿಂತಿದೆ. ಅಳಿಯನೂ ಅಲ್ಲಿಯೇ ಇದ್ದಾನೆ. ನೋಡಬಯಸುವ ಹುಡುಗರು ಸಭೆ ಮುಗಿದ ಮೇಲೆ ಬರಬಹುದು. ಇಷ್ಟು ಹೊತ್ತಿಗೆ ಬಾನೆಟ್ಟು ತಣ್ಣಗಾಗಿರುತ್ತದೆ.