ದಾಸೋಹಕ್ಕೆ ವೋಚರ್ ಬೇಡ



ಬಸ್ ನಿಲ್ದಾಣದಲ್ಲಿ ಮಲಗುವ, ಕುಡಿತಕ್ಕೆ ಬಿದ್ದವನಿಗೆ ಹಣ ಕೊಡಬೇಕೇ ಎಂದು ಕೇಳುತ್ತೀರಿ. ನಾನು ಕೊಡುತ್ತೇನೆ. ಸರ್ಕಾರಿ ಇಂಜಿನಿಯರಾಗಿ ಪೈಸೆ ಪೈಸೆಗೂ ವೋಚರ್ ಕೇಳಿದವನು ನಾನು, ದಾಸೋಹಕ್ಕೆ ಕೇಳಲಾರೆ.

ಕುಡಿದುಬಿಟ್ಟರೆ? ಕುಡಿಯಬಹುದು. ಆದರೆ ವರ್ಷಗಟ್ಟಲೆ ವಿಪರೀತ ಕುಡಿದ ದೇಹಕ್ಕೆ ಒಮ್ಮೆಲೇ ಮದ್ಯ ನಿಂತರೆ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ಬಿಡಿಸಬೇಕಾದದ್ದು ವೈದ್ಯರ ಕಣ್ಣೆದುರು, ನಮ್ಮ ಜೇಬು ಮುಚ್ಚಿ ಅಲ್ಲ.

ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ನಾವೋ, ನಾಣ್ಯ ಎಸೆದು ಮುಂದೆ ಹೋಗುತ್ತೇವೆ. ಕೊಟ್ಟ ಮೇಲೆ ಎರಡು ನಿಮಿಷ ಪಕ್ಕದಲ್ಲಿ ಕೂತು ಮಾತನಾಡಿಸಿ. ಬಿಡುವ ಮನಸ್ಸಿದ್ದರೆ ನಿಮ್ಮ ಫೋನಿನಿಂದಲೇ 14446ಕ್ಕೆ ಕರೆ ಮಾಡಿಕೊಡಿ, ಅದು ಉಚಿತ.

ದಾಸೋಹದ ಪಂಕ್ತಿಯಿಂದಲೇ ಇಂಥವರನ್ನು ಎಬ್ಬಿಸುವವರು ನಮ್ಮಲ್ಲಿದ್ದಾರೆ. ಮೊದಲು ಅದು ನಿಲ್ಲಲಿ, 10 ರೂಪಾಯಿಯ ಚರ್ಚೆ ಆಮೇಲೆ.