ಮೊದಲ ಕೋವಿ ಕೊಳ್ಳುವಾಗ



ಗದ್ದೆ ಕಾಡಿನ ಅಂಚಿಗಿದ್ದರೆ ಹಂದಿಯ ಕಾಟ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಹಿಂಡು ನುಗ್ಗಿತೆಂದರೆ ಒಂದೇ ರಾತ್ರಿಗೆ ದುಡಿಮೆಯೆಲ್ಲ ಮಣ್ಣುಪಾಲು. ಆಗ ಮನೆಯಲ್ಲಿ ಮಾತು ಏಳುತ್ತದೆ, "ಒಂದು ಕೋವಿ ತಗೊಂಡ್ರೆ ಹ್ಯಾಗೆ?" ಅಂತ. ಕೈಯಲ್ಲಿ ಹಣ ಕಡಿಮೆ, ಕೊಳ್ಳುವುದು ಮೊದಲ ಸಲ, ಅಂಥವರಿಗೆ ಇವತ್ತಿನ ಮಾತು.

ಮೊದಲು ಲೈಸೆನ್ಸು, ಆಮೇಲೆ ಕೋವಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಉಂಟು. ಉಳಿದವರು 1959ರ ಆಯುಧ ಕಾಯಿದೆಯಂತೆ ಅರ್ಜಿ ಹಾಕಬೇಕು. ಇನ್ನೊಂದು ಮಾತು. ಲೈಸೆನ್ಸು ಬಂದರೆ ಬೇಟೆಗೆ ಅಪ್ಪಣೆ ಬಂತೆಂದು ತಿಳಿಯಬೇಡಿ. 1972ರ ವನ್ಯಜೀವಿ ಕಾಯಿದೆಯಂತೆ ಬೇಟೆ ಅಪರಾಧ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲಿಕ್ಕೂ ಅರಣ್ಯ ಇಲಾಖೆಯ ಅಧಿಕಾರಿಗಳ ಲಿಖಿತ ಅಪ್ಪಣೆ ಬೇಕು.

ಸರಿ, ಯಾವ ಕೋವಿ? ರೈಫಲಿನ ಆಸೆ ಬಿಡಿ. ಸಣ್ಣ ಪಾಯಿಂಟ್ 22 ರೈಫಲಿನ ಗುಂಡು ಕೂಡ ಒಂದು ಮೈಲಿಯಾಚೆ ಹೋಗಬಲ್ಲದು. ಗದ್ದೆಯಾಚೆ ಯಾರ ಮನೆಯಿದೆ, ಯಾರ ದನ ಮೇಯುತ್ತಿದೆ, ಕತ್ತಲಲ್ಲಿ ಯಾರು ಕಂಡರು? ಕೇಪಿನ ಕೋವಿ ಅಗ್ಗ, ಬೆಳೆ ರಕ್ಷಣೆಗೆಂದು ಕಾಯಿದೆಯಲ್ಲೇ ಅದರ ಹೆಸರಿದೆ. ಆದರೆ ಮಳೆಗಾಲದಲ್ಲಿ ಮದ್ದಿಗೆ ತೇವ ತಗಲಿದರೆ ಅದು ಬರೀ ದೊಣ್ಣೆ. ನನ್ನನ್ನು ಕೇಳಿದರೆ, ಹನ್ನೆರಡು ಬೋರಿನ ಒಂಟಿ ನಳಿಗೆಯ ತೋಟಾ ಕೋವಿಯೇ ಸಾಕು. ನಳಿಗೆಯ ಅಗಲಕ್ಕೆ ಸರಿಯಾಗಿ ಎರಕ ಹೊಯ್ದ ಸೀಸದ ಗುಂಡುಗಳು ಹನ್ನೆರಡಾದರೆ ಒಂದು ಪೌಂಡು ತೂಗುತ್ತವೆ, ಹನ್ನೆರಡು ಬೋರು ಎಂಬ ಹೆಸರು ಬಂದದ್ದು ಹಾಗೆ. ಚರೆಯ ತೋಟಾದ ಹಿಡಿತ ಮೂವತ್ತೈದು ನಲವತ್ತು ಗಜ. ಗದ್ದೆ ಕಾಯುವವನಿಗೆ ಅದಕ್ಕಿಂತ ಯಾಕೆ? ಜೋಡು ನಳಿಗೆ ಚೆಂದವೇ, ಬೆಲೆಯೂ ಭಾರ, ಹೊರುವುದೂ ಭಾರ. ಹಳೆಯ ಜೋಡಿಗೆ ಕೊಡುವ ಹಣದಲ್ಲಿ ಗಟ್ಟಿಯಾದ ಒಂಟಿಯೊಂದನ್ನು ಕೊಳ್ಳುವುದು ಲೇಸು.

ಹಳೆಯದನ್ನು ಕೊಳ್ಳುವವರು ಅವಸರ ಪಡಬೇಡಿ. ಮೊದಲು ಬಿಚ್ಚಿ, ಒಳಗೆ ತೋಟಾ ಇಲ್ಲವೆಂದು ಕಣ್ಣಾರೆ ನೋಡಿ. ಬಳಿಕ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ. ಕನ್ನಡಿಯ ಹಾಗೆ ಹೊಳೆಯಬೇಕು. ತುಕ್ಕು ತಿಂದ ಗುಳಿ, ಉಬ್ಬು, ತಗ್ಗು ಕಂಡರೆ ಬೇಡವೆನ್ನಿ, ಅರ್ಧ ಬೆಲೆಗೆ ಕೊಟ್ಟರೂ ಬೇಡ. ನಳಿಗೆಯ ಮೈಮೇಲೆ ಹೆಣೆದಂತೆ ಗೆರೆಗೆರೆ ಕಂಡರೆ ಅದು ತಿರುಚಿ ಬೆಸೆದ ಹಳೇ ಕಾಲದ ನಳಿಗೆ. ಈಗಿನ ತೋಟಾದ ಮದ್ದನ್ನು ಅದು ತಾಳದೆ ಕೈಯಲ್ಲೇ ಸಿಡಿದೀತು. ಕೋವಿ ಮುಚ್ಚಿ ಅಲ್ಲಾಡಿಸಿ. ಕೀಲಿನಲ್ಲಿ ಗಡಗಡ ಅಂದರೆ ಸವೆದಿದೆ. ಮರದ ಹಿಡಿ ಸಣ್ಣಗಾಗುವಲ್ಲಿ ಬಿರುಕು ನೋಡಿ. ಎಣ್ಣೆ ಬಳಿದು ಬಿರುಕು ಮುಚ್ಚುವ ಜಾಣರಿದ್ದಾರೆ, ಬಟ್ಟೆಯಿಂದ ಒರೆಸಿಯೇ ನೋಡಿ.

ತೋಟಾದ ಉದ್ದವನ್ನು ಮಾತ್ರ ಮರೆಯಬೇಡಿ. ಹಳೆಯ ಕೋವಿಗಳ ಮನೆ ಬಹಳವಾಗಿ 65 ಮಿಲಿಮೀಟರಿನದು, ಈಗಿನ ತೋಟಾ ಬಹಳವಾಗಿ 70ರದು. ಉದ್ದದ್ದು ಗಿಡ್ಡದರೊಳಗೆ ಹಿಡಿಸಿಬಿಡುತ್ತದೆ, ಅಲ್ಲೇ ಅಪಾಯ. ಹೊಡೆದಾಗ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಕೊರೆದ ಅಂಕಿ ನೋಡಿ, ತಿಳಿಯದಿದ್ದರೆ ಲೈಸೆನ್ಸುದಾರ ವ್ಯಾಪಾರಿಯಿಂದ ಅಳೆಸಿ.

ನೆರೆಯವರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆಯಬೇಕು. ಕೈಬದಲು ಮಾಡಿ "ಆಮೇಲೆ ಬರೆದುಕೊಳ್ಳೋಣ" ಅಂದರೆ ಇಬ್ಬರೂ ಸಿಕ್ಕಿಬೀಳುತ್ತೀರಿ.

ಮನೆಗೆ ತಂದ ದಿನವೇ ಬೀಗವಿರುವ ಪೆಟ್ಟಿಗೆ ಮಾಡಿಸಿ. ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ. ಬೀಗದ ಕೈಯನ್ನು ಮಕ್ಕಳಿಗೆ ಸಿಗುವಂತೆ ಗೂಟಕ್ಕೆ ತೂಗುಹಾಕಬೇಡಿ.