ಅರಗಿನ ಪ್ಲೇಟಿನಲ್ಲಿ ಉಳಿದ ಕಂಠ
(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಡಾಕ್ಟರು ಮೈಕು ಹಿಡಿದರೆ ಬಿ.ಪಿ., ಸಕ್ಕರೆ ಕಾಯಿಲೆಗಳ ಉಪದೇಶ ಖಂಡಿತ ಎಂದು ನೀವು ಅಂದುಕೊಂಡಿರಬಹುದು. ಇಂದು ಅವಕ್ಕೆ ರಜೆ. ನನ್ನ ಹವ್ಯಾಸವಾದ ಹಳೆಯ ಗ್ರಾಮಾಫೋನ್ ಪ್ಲೇಟುಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಿಮಿಷಕ್ಕೆ 78 ಸುತ್ತು ತಿರುಗುವ ಈ ಪ್ಲೇಟು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ನಮ್ಮ ದೇಶದ ಮರಗಳ ಮೇಲೆ ಸಣ್ಣ ಕೀಟವೊಂದು ಸ್ರವಿಸುವ ಅರಗಿಗೆ ಕಲ್ಲಿನ ಪುಡಿ ಬೆರೆಸಿ ಅಚ್ಚೊತ್ತಿದ್ದು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು. ರಾತ್ರಿಯಿಡೀ ಹಾಡಬಲ್ಲವರೂ ಅಷ್ಟರಲ್ಲೇ ಮುಗಿಸಬೇಕಿತ್ತು.

1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದ ಗೌಹರ್ ಜಾನ್, ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅಚ್ಚು ಹಾಕುತ್ತಿದ್ದ ಜರ್ಮನಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ! ಅವರು ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇನ್ನು ನಮ್ಮ ಗಂಗೂಬಾಯಿ ಹಾನಗಲ್. ಅವರ ಗಂಭೀರವಾದ, ಗಂಡಸಿನಂತಹ ಕಂಠ ನಮಗೆಲ್ಲ ಪರಿಚಿತ. ಆದರೆ 1930ರ ದಶಕದಲ್ಲಿ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ಪ್ಲೇಟುಗಳನ್ನು ಕೇಳಿ. ಅಲ್ಲಿರುವುದು ಎಳೆಯ ಹೆಣ್ಣುಮಗಳ ತೆಳುವಾದ, ಎತ್ತರದ ದನಿ! ಮುಂದೆ ಟಾನ್ಸಿಲ್ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು. 2009ರಲ್ಲಿ ಅವರು ತೀರಿಕೊಳ್ಳುವವರೆಗೂ ಜನ ಕೇಳಿದ್ದು ಆ ಎರಡನೆಯ ಕಂಠವನ್ನು. ಮೊದಲನೆಯದು ಉಳಿದಿರುವುದು ಅರಗಿನಲ್ಲಿ ಮಾತ್ರ. ಯಾರೋ ಪ್ಲೇಟುಗಳನ್ನು ಎಸೆಯದೆ ಇಟ್ಟುಕೊಂಡದ್ದರಿಂದ ಅದು ನಮ್ಮ ಕಿವಿಗೆ ಬಿತ್ತು.

ಊರಿನಿಂದ ಪ್ಲೇಟು ತಂದವರಿಗೆ ಕೆಲವು ಕಿವಿಮಾತು. ಪರ್ತ್, ಅಡಿಲೇಡ್‌ಗಳ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾರಿನಲ್ಲಿ ಬಿಟ್ಟ ಪ್ಲೇಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಬ್ರಿಸ್ಬೇನಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. 2011 ಮತ್ತು 2022ರ ನೆರೆಗಳನ್ನು ನೆನೆದಾದರೂ ಇವನ್ನು ಮನೆಯ ಕೆಳಗಿನ ಗ್ಯಾರೇಜಿನಲ್ಲಿ ಇಡಬೇಡಿ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನಿಲ್ಲಿಸಿಡಿ. ನಮ್ಮಂಥ ಆಸ್ಪತ್ರೆಯವರಿಗೆ ಎಲ್ಲಕ್ಕೂ ಸ್ಪಿರಿಟ್ ಹಚ್ಚುವ ಅಭ್ಯಾಸ. ಅರಗಿಗೆ ಅದು ತಾಗಿದರೆ ಕರಗುತ್ತದೆ. ಕೀಲಿ ಕೊಡುವ ಗ್ರಾಮಾಫೋನಿನಲ್ಲಿ ಒಂದು ಉಕ್ಕಿನ ಮುಳ್ಳನ್ನು ಒಂದೇ ಬದಿಗೆ ಬಳಸಿ. ಸವೆದ ಮುಳ್ಳು ಗೆರೆಗಳನ್ನು ಕೆರೆದುಹಾಕುತ್ತದೆ. ಹೊಸ ಕಾಲದ ಯಂತ್ರವಾದರೆ 78ರ ಪ್ಲೇಟಿಗೆಂದೇ ಇರುವ ದಪ್ಪ ಮುಳ್ಳು ಬೇಕು, ಎಲ್.ಪಿ.ಯ ಸಣ್ಣ ಮುಳ್ಳು ಸಲ್ಲದು. ಪ್ರತಿ ಸಲ ನುಡಿಸಿದಾಗಲೂ ಪ್ಲೇಟು ಸ್ವಲ್ಪ ಸವೆಯುತ್ತದೆ. ಆದ್ದರಿಂದ ಒಮ್ಮೆ ಸರಿಯಾಗಿ ನುಡಿಸಿ, ಕಂಪ್ಯೂಟರಿಗೆ ಇಳಿಸಿಕೊಂಡು, ಮೂಲವನ್ನು ಜೋಪಾನ ಮಾಡಿ.

ಇಷ್ಟಾದರೂ ಕೆಲಸ ಅರ್ಧವೇ ಆದಂತೆ. ಲೇಬಲ್ಲಿನ ಮೇಲೆ ಹಾಡುಗಾರರ ಹೆಸರು, ಕಂಪನಿಯ ನಂಬರು ಇರುತ್ತವೆ. ಆ ಪ್ಲೇಟನ್ನು ಯಾವ ಸಂತೆಯಲ್ಲಿ ಕೊಂಡರು, ಯಾರ ಮದುವೆಯಲ್ಲಿ ಹಾಕಿದರು, ಯಾವ ಅಜ್ಜಿ ಅದನ್ನು ಕೇಳಿಯೇ ಹಾಡು ಕಲಿತರು ಎಂಬುದು ಅದರ ಮೇಲೆ ಇರುವುದಿಲ್ಲ. ಅದನ್ನು ಬಲ್ಲವರು ನಮ್ಮ ತಂದೆತಾಯಿಗಳು. ಅವರಲ್ಲಿ ಕೆಲವರು ಈ ಸಭೆಯಲ್ಲೇ ಕುಳಿತಿದ್ದಾರೆ; ವೀಸಾ ಮುಗಿದೊಡನೆ ಊರಿಗೆ ಹೊರಡುತ್ತಾರೆ. ಅಲ್ಲಿ ಹಳೆಯ ಮನೆಗಳು ಮಾರಾಟವಾಗುತ್ತಿವೆ, ಅಟ್ಟದ ಸಾಮಾನು ಗುಜರಿಗೆ ಹೋಗುತ್ತಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಪ್ಲೇಟು ಸಿಕ್ಕರೆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ, ಅವರು ಹೇಳಿದ್ದನ್ನು ಮಕ್ಕಳ ಕೈಯಲ್ಲಿ ಬರೆಸಿ. ಕನ್ನಡ ಬರೆಯಲು ಅವರಿಗೂ ಒಂದು ನೆಪವಾಗುತ್ತದೆ.

 ಊಟಕ್ಕೆ ತಡಮಾಡದೆ ನನ್ನ ಮಾತು ಮುಗಿಸುತ್ತೇನೆ.